ಹಾನ್ಲೆಯಲ್ಲಿ ಮೂಲಾ ನಕ್ಷತ್ರ ಹುಡುಕಿದ್ದು

ಗಣೇಶನ ಹಬ್ಬ ಹತ್ತಿರ ಇಟ್ಟುಕೊಂಡು ಲಡಾಖಿಗೆ ಹೊರಟಿದ್ದಕ್ಕೆ ಅಮ್ಮನಿಗೆ ಸಿಟ್ಟು. ಏನು ಮಾಡೋದು, ಅಮಾವಾಸ್ಯೆ ಬರೋದೇ ಚೌತಿಗೆ ನಾಲ್ಕು ದಿನ ಮುಂಚೆ. ಚುಕ್ಕಿ ನೋಡೋಕೆ ನನಗೆ ಬೇಕಿದ್ದಿದ್ದು ಚಂದ್ರನಿಲ್ಲದ ರಾತ್ರಿ.

ಎತ್ತರಕ್ಕೆ ಮೈ ಹೊಂದಿಕೊಳ್ಳಲಿ ಅಂತ ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ದುಕೊಂಡಿದ್ದೆ. ಆಮೇಲೆ ಸಿಂಧೂ ನದಿ ಪಕ್ಕದ ರಸ್ತೆ ಹಿಡಿದು ಉಪ್ಶಿ, ನ್ಯೋಮಾ ದಾಟಿ ಹಾನ್ಲೆ. ಸುಮಾರು 250 ಕಿ.ಮೀ.ಗೆ ಇಡೀ ದಿನ ಹಿಡಿಯಿತು. ಊರಿನ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ತಿರುಗಿಸೋದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ! ನನ್ನ ಬಾಡಿಗೆ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಅವರು ಅಲ್ಲೇ ಕೂತು ನೋಡುತ್ತಾರೆ, ನಾನು ತಲೆನೋವಿನ ಮಾತ್ರೆ ನುಂಗಿಕೊಂಡು ಇಲ್ಲಿವರೆಗೆ ಬಂದಿದ್ದೆ.

2022ರಲ್ಲಿ ಇಲ್ಲಿ ಸಾವಿರ ಚದರ ಕಿ.ಮೀ.ಗೂ ಜಾಸ್ತಿ ಜಾಗವನ್ನು ಕತ್ತಲೆಗೆಂದೇ ಕಾದಿರಿಸಿದ್ದಾರೆ. ಮನೆಗಳ ಕಿಟಕಿಗೆ ದಪ್ಪ ಪರದೆ. ರಾತ್ರಿ ಎಂಟೂವರೆಗೆ, ಟೆಲಿಸ್ಕೋಪ್ ಹಿಡಿದು ಬಂದ ಊರಿನ ಹುಡುಗಿ ಮೊದಲು ಹೇಳಿದ್ದು, "ಸರ್, ಮೊಬೈಲ್ ಜೇಬಿಗೆ ಹಾಕಿ." ಅವಳ ಕೈಯಲ್ಲಿ ಕೆಂಪು ದೀಪದ ಪುಟ್ಟ ಟಾರ್ಚ್.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಅಂತ ಕಾಲು ಗಂಟೆ ಕಾದು ತಲೆ ಎತ್ತಿದೆ. ನಿಜ ಹೇಳಬೇಕೆಂದರೆ ದಿಕ್ಕೇ ತಪ್ಪಿತು. ಬೆಂಗಳೂರಿನಲ್ಲಿ ಕಾಣುವುದೇ ಹತ್ತಿಪ್ಪತ್ತು ಚುಕ್ಕಿ, ಹಾಗಾಗಿ ವೃಶ್ಚಿಕ ಥಟ್ಟನೆ ಸಿಗುತ್ತದೆ. ಇಲ್ಲಿ ಚುಕ್ಕಿಗಳ ಸಂತೆಯಲ್ಲಿ ಚೇಳು ಕಳೆದುಹೋಗಿತ್ತು. ಕೊನೆಗೆ ಕೆಂಪಗಿನ ಜ್ಯೇಷ್ಠಾ ಸಿಕ್ಕಿತು. ಅಲ್ಲಿಂದ ಬಾಲದ ಜಾಡು ಹಿಡಿದು ಕೊಂಡಿಗೆ ಬಂದರೆ ಮೂಲಾ. ಅದರ ಎಡಕ್ಕೆ, ಸ್ವಲ್ಪ ಮೇಲೆ, ಹಾಲುಹಾದಿ ಉಬ್ಬಿಕೊಂಡಿತ್ತು. ನಮ್ಮ ಗ್ಯಾಲಕ್ಸಿಯ ನಡುಭಾಗ ಇರುವುದು ಆ ದಿಕ್ಕಿನಲ್ಲೇ, 26,000 ಜ್ಯೋತಿರ್ವರ್ಷ ದೂರ. ಅಲ್ಲಿ 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಕೂತಿದೆ. ಆಕಾಶದಲ್ಲಿ ಅದರ ಪಕ್ಕ ಕಾಣುವ ನಕ್ಷತ್ರಕ್ಕೆ 'ಮೂಲ' ಎಂಬ ಹೆಸರು! ಹೆಸರಿಟ್ಟವರಿಗೆ ಇದು ಗೊತ್ತಿರಲಿಲ್ಲ ಬಿಡಿ, ಆದರೂ ಖುಷಿಯಾಯಿತು.

"ಗ್ಯಾಲಕ್ಸಿ ಸುರುಳಿಯಂತೆ ಅಲ್ವಾ, ಹಾಲುಹಾದಿ ಪಟ್ಟಿ ಥರ ಯಾಕೆ ಕಾಣುತ್ತೆ?" ಜೊತೆಗಿದ್ದ ಗೆಳೆಯ ಕೇಳಿದ. ನನಗೆ ಹೊಳೆದದ್ದು ಹಪ್ಪಳ. ನಡುವೆ ಎರಡೂ ಕಡೆ ಉಬ್ಬಿದ ಒಂದು ಹಪ್ಪಳ. ಅಗಲ ಲಕ್ಷ ಜ್ಯೋತಿರ್ವರ್ಷ, ದಪ್ಪ ಬರೀ ಸಾವಿರ. ಅದರೊಳಗೇ ಸಿಕ್ಕಿಕೊಂಡ ಜೀರಿಗೆ ಕಾಳು ನಾವು. ಹಪ್ಪಳದ ಉದ್ದಕ್ಕೆ ನೋಡಿದರೆ ಚುಕ್ಕಿಗಳ ರಾಶಿ, ಮೇಲೆ ಕೆಳಗೆ ನೋಡಿದರೆ ವಿರಳ. ಸುರುಳಿ ತೋಳುಗಳನ್ನಾಗಲಿ, ನಡುವೆ ಅಡ್ಡಲಾಗಿರುವ ನಕ್ಷತ್ರಗಳ ಪಟ್ಟಿಯನ್ನಾಗಲಿ ಹೊರಗೆ ನಿಂತು ಯಾರೂ ನೋಡಿಲ್ಲ. ಒಳಗಿಂದಲೇ ಅಳೆದು ತಿಳಿದದ್ದು.

ಹಾಲುಹಾದಿಯ ಪಟ್ಟಿ ನೆತ್ತಿಯ ಹತ್ತಿರ ಎರಡಾಗಿ ಸೀಳಿತ್ತು. ಚುಕ್ಕಿ ಇಲ್ಲದ ಜಾಗ ಅದು ಅಂದುಕೊಂಡಿದ್ದೆ. ಅಲ್ಲವಂತೆ, ಧೂಳು. ಹಿಂದಿನ ಬೆಳಕನ್ನೆಲ್ಲ ಅದೇ ಮರೆಮಾಡಿದೆ. ಗ್ಯಾಲಕ್ಸಿಯ ಕೇಂದ್ರ ಕಣ್ಣಿಗೆ ಕಾಣದಿರುವುದೂ ಇದರಿಂದಲೇ. ರೇಡಿಯೋ, ಇನ್‌ಫ್ರಾರೆಡ್‌ನಂಥ ಅಲೆಗಳು ಮಾತ್ರ ತೂರಿ ಬರುತ್ತವೆ.

ಹತ್ತೂವರೆ ಹೊತ್ತಿಗೆ ಆ ಉಬ್ಬು ಗುಡ್ಡದ ಹಿಂದೆ ಇಳಿಯಿತು. ಹಾನ್ಲೆ ಉತ್ತರಕ್ಕಿದೆಯಲ್ಲ, ಇಲ್ಲಿ ಅದು ದಿಗಂತದಿಂದ 28 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ನಮ್ಮ ಕಡೆಯಾದರೆ 48ರವರೆಗೆ ಬರುತ್ತದೆ.

ಮರುದಿನ ನ್ಯೋಮಾದಲ್ಲಿ ಸಿಗ್ನಲ್ ಸಿಕ್ಕಿತು. ಅಮ್ಮನಿಗೆ ಫೋನ್ ಮಾಡಿ ಎಲ್ಲ ವರ್ಣಿಸಿದೆ.

"ಅದಾ? ಬೀದಿಗೆ ಲೈಟ್ ಕಂಬ ಹಾಕೋಕೆ ಮುಂಚೆ ಬೇಸಿಗೇಲಿ ಅಂಗಳದಲ್ಲಿ ಚಾಪೆ ಹಾಕಿ ಮಲಗ್ತಿದ್ವಲ್ಲ, ಬೆಳಗಿನ ಜಾವ ಕಾಣ್ತಿತ್ತು. ನೀನು ಏಳ್ತಿದ್ರೆ ತಾನೇ!" ಎಂದಳು. ಆಮೇಲೆ, "ಕಡುಬಿಗೆ ಬರ್ತೀಯೋ ಇಲ್ವೋ?"