ಮೂಕಿಯ ಭಾರ

ಕ್ಯಾಂಪಿಂಗ್ ಟ್ರೈಲರ್ ಕಟ್ಟಿದವರು ಗೋಡೆ, ಬಾಗಿಲು, ಒಳಗಿನ ಹಾಸಿಗೆಯ ಫೋಟೊ ತೋರಿಸುತ್ತಾರೆ. ತೂಕ ಹಾಕುವ ಫೋಟೊ ಯಾರೂ ತೋರಿಸುವುದಿಲ್ಲ. ನೋಡಲು ಅದರಲ್ಲಿ ಏನೂ ಇಲ್ಲ, ನಿಜ. ಆದರೆ ನಮ್ಮ ಟ್ರೈಲರ್ ಕಟ್ಟಿದ ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ತೂಕ ಹಾಕಿದ ಭಾನುವಾರವೇ.

ಟ್ರೈಲರ್ ದೊಡ್ಡದೇನಲ್ಲ. ನೀರಿನ ಹನಿಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುವ ಟಿಯರ್‌ಡ್ರಾಪ್ ಮಾದರಿ. ಮುಂದೆ ದುಂಡಗೆ, ಹಿಂದೆ ಇಳಿಜಾರು. ಪ್ಲೈವುಡ್ ಹಾಳೆ 2440 ಮಿಲಿಮೀಟರ್ ಉದ್ದ, 1220 ಅಗಲ ಬರುತ್ತದಲ್ವಾ, ಪೆಟ್ಟಿಗೆಯ ಅಳತೆಯೂ ಅಷ್ಟೇ. ಒಂದೊಂದು ಪಕ್ಕಕ್ಕೆ ಒಂದೊಂದು ಹಾಳೆ. ಒಳಗೆ ಮಲಗಲು ಮಾತ್ರ ಜಾಗ. ಅಡುಗೆಮನೆ ಹಿಂಬದಿಯಲ್ಲಿದೆ. ಬಾಗಿಲನ್ನು ಮೇಲಕ್ಕೆತ್ತಿದರೆ ಒಲೆ, ಫ್ರಿಜ್, ಪಾತ್ರೆಯ ಗೂಡು ಎಲ್ಲ ಕೈಗೆ ಸಿಗುತ್ತವೆ, ಬಾಗಿಲೇ ಸೂರಾಗುತ್ತದೆ. ತುಂಬಾ ಅನುಕೂಲ. ತೊಂದರೆ ಇರುವುದೂ ಅಲ್ಲೇ. ಭಾರದ ಸಾಮಾನೆಲ್ಲ ಹಿಂದೆ ಸೇರಿಕೊಳ್ಳುತ್ತದೆ.

ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ಗಾಡಿಯ ಮುಂದೆ ಚಾಚಿಕೊಂಡ ಉದ್ದನೆಯ ತೋಳು, ಮೇಲೇಳುತ್ತದೆ. ಕಾರಿನ ಹಿಂದಿನ ಕೊಂಡಿಗೆ, ಅಂದರೆ ಹಿಚ್‌ಗೆ, ಸಿಕ್ಕಿಸಿದ ಟ್ರೈಲರಿನಲ್ಲಿ ಮೂಕಿ ಮೇಲೇಳುವಂತಿಲ್ಲ. ಅದರ ಬದಲು ವೇಗ ಹೆಚ್ಚಿದಾಗ ಬಾಲ ಆಡಿಸಲು ಶುರು ಮಾಡುತ್ತದೆ. ಗಾಳಿಯ ಹೊಡೆತಕ್ಕೋ ಪಕ್ಕದಲ್ಲಿ ಹಾದುಹೋದ ಲಾರಿಗೋ ಸ್ವಲ್ಪ ಓಲಾಡಿದ ಟ್ರೈಲರ್ ತಾನಾಗಿ ಸುಮ್ಮನಾಗಬೇಕು. ಮುಂದೆ ಭಾರ ಸಾಲದಿದ್ದರೆ ಆ ಓಲಾಟ ಇಳಿಯುವ ಬದಲು ಏರುತ್ತಾ ಹೋಗಿ ಕಾರನ್ನೂ ಎಳೆದಾಡುತ್ತದೆ. ಆಗ ಬ್ರೇಕ್ ಒತ್ತಿದರೆ ಇನ್ನೂ ಕಷ್ಟ. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿದುಕೊಂಡು ವೇಗ ಇಳಿಯುವುದನ್ನು ಕಾಯಬೇಕು. ಟ್ರೈಲರಿಗೇ ಬೇರೆ ಬ್ರೇಕ್ ಇದ್ದು, ಅದನ್ನು ಕಾರಿನಿಂದ ಹಾಕಲು ಬರುವುದಾದರೆ ಅದೊಂದನ್ನೇ ಹಾಕಬಹುದು. ನಮ್ಮದಕ್ಕೆ ಇಲ್ಲ.

ಇದೆಲ್ಲ ಗೊತ್ತಿದ್ದರಿಂದಲೇ ಆಕ್ಸಲ್ಲನ್ನು, ಅಂದರೆ ಚಕ್ರಗಳ ಅಚ್ಚನ್ನು, ಚಾಸಿಗೆ ವೆಲ್ಡ್ ಮಾಡಿರಲಿಲ್ಲ, ಬೋಲ್ಟ್ ಹಾಕಿದ್ದೆ. ಬೇಕಾದರೆ ಒಂದಿಷ್ಟು ಹಿಂದೆ ಮುಂದೆ ಸರಿಸಬಹುದು ಅಂತ.

ಖಾಲಿ ಟ್ರೈಲರ್ ತೂಗಿದರೆ ಸಾಕು ಅನ್ನುವುದು ನನ್ನ ಲೆಕ್ಕ. ನನ್ನ ಹೆಂಡತಿ ಒಪ್ಪಲಿಲ್ಲ. "ಖಾಲಿ ಗಾಡಿ ಎಳ್ಕೊಂಡು ಎಲ್ಲಿಗೆ ಹೋಗ್ತೀರಿ?" ಅಂದಳು. ಸರಿ ಅನ್ನಿಸಿತು. ಹಾಸಿಗೆ, ಕಂಬಳಿ, ಪಾತ್ರೆ, ಗ್ಯಾಸ್, ನೀರು, ಫ್ರಿಜ್ಜಿನೊಳಗಿನ ಸಾಮಾನು, ಟಾರ್ಚು, ಹಗ್ಗ, ಸ್ಪ್ಯಾನರ್ ಪೆಟ್ಟಿಗೆ ಎಲ್ಲವನ್ನೂ ತುಂಬಿದೆವು. ಹಾಗೆ ತುಂಬಿ ವೇಬ್ರಿಡ್ಜಿನ ಮೇಲೆ ಕಾರಿನಿಂದ ಬಿಡಿಸಿ ನಿಲ್ಲಿಸಿದರೆ ಸರಿಯಾಗಿ 500 ಕೆಜಿ. ಇನ್ನು ಅದರಲ್ಲಿ ಎಷ್ಟು ಮೂಕಿಯ ಮೇಲೆ ಬೀಳುತ್ತಿದೆ ಅನ್ನುವುದನ್ನು ಮನೆಯಲ್ಲೇ ನೋಡಬಹುದಿತ್ತು.

ಇದಕ್ಕೆ ದೊಡ್ಡ ಉಪಕರಣ ಬೇಡ. ನಾವು ಹತ್ತಿ ನಿಂತು ತೂಕ ನೋಡಿಕೊಳ್ಳುವ ಯಂತ್ರ ಸಾಕು. ಸಮ ನೆಲದಲ್ಲಿ ಟ್ರೈಲರ್ ನಿಲ್ಲಿಸಿ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ಯಂತ್ರದ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ, ಜಾಕ್ ಇಳಿಸುತ್ತಾ ಕಪ್ಲರನ್ನು, ಅಂದರೆ ಮೂಕಿಯ ತುದಿಯಲ್ಲಿ ಹಿಚ್‌ಗೆ ಸಿಕ್ಕಿಸುವ ಭಾಗವನ್ನು, ಆ ತುಂಡಿನ ತಲೆಯ ಮೇಲೆ ಕೂರಿಸಿದೆ. ಮರದ ತುಂಡಿನ ಎತ್ತರ ಮುಖ್ಯ. ಕಾರಿಗೆ ಸಿಕ್ಕಿಸಿದಾಗ ಕಪ್ಲರ್ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರದಲ್ಲಿ ಇರಬೇಕು. ಗಾಡಿ ಮುಂದಕ್ಕೋ ಹಿಂದಕ್ಕೋ ವಾಲಿದರೆ ಅಂಕಿ ಬದಲಾಗುತ್ತದೆ.

ಅಂಕಿ ಓದುವ ಕೆಲಸ ಮಗಳದ್ದು. ನೆಲದ ಮೇಲೆ ಬೋರಲು ಮಲಗಿ, "ಅಪ್ಪಾ, ಮೂವತ್ನಾಕು!" ಅಂತ ಕೂಗಿದಳು.

500ರಲ್ಲಿ 34 ಅಂದರೆ ಶೇ. 7ಕ್ಕೂ ಕಡಿಮೆ. ಅಮೆರಿಕದವರ ಲೆಕ್ಕದಲ್ಲಿ ಶೇ. 10ರಿಂದ 15 ಇರಬೇಕು. ನನ್ನ ಹೆಂಡತಿ ಇದನ್ನು ಮೊದಲೇ ಓದಿಕೊಂಡಿದ್ದಳು. "ಯುರೋಪಿನಲ್ಲಿ ಐದರಿಂದ ಏಳು ಸಾಕು ಅಂತಾರಲ್ರೀ, ಮತ್ಯಾಕೆ ಒದ್ದಾಟ?" ಅಂತ ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅಲ್ಲಿ ಟ್ರೈಲರ್ ಎಳೆಯುವವರಿಗೆ ವೇಗದ ಕಟ್ಟು ಬಿಗಿ. ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದಿದ್ದರೆ ಗಂಟೆಗೆ 80 ಕಿ.ಮೀ. ದಾಟುವಂತಿಲ್ಲ. ಮೇಲಾಗಿ 34 ಅನ್ನುವುದು ಇವತ್ತಿನ ಅಂಕಿ. ನಾಳೆ ಯಾರೋ ಹಿಂದಿನ ಗೂಡಿಗೆ ಇನ್ನೊಂದು ಚೀಲ ತುರುಕಿದರೆ ಅದೂ ಇರುವುದಿಲ್ಲ. ಆ ಯಾರೋ ನಾನೇ ಆಗಿರುತ್ತೇನೆ ಅಂತ ಅವಳ ಮುಖವೇ ಹೇಳುತ್ತಿತ್ತು. ಇನ್ನೊಂದು ಕಡೆ ಮಿತಿಯೂ ಇತ್ತು. ನಮ್ಮ ಕಾರಿನ ಹಿಚ್ ಮೇಲೆ 75 ಕೆಜಿಗಿಂತ ಜಾಸ್ತಿ ಹಾಕುವಂತಿಲ್ಲ. ಹಾಗಾಗಿ 60ರ ಹತ್ತಿರ ತಂದರೆ ಎರಡೂ ಕಡೆ ನೆಮ್ಮದಿ.

ಆಕ್ಸಲ್ ಸರಿಸಲು ಸ್ಪ್ಯಾನರ್ ಕೈಗೆತ್ತಿಕೊಂಡೆ. ಅವಳು ತಡೆದಳು. ಮೊದಲು ಸಾಮಾನು ಸರಿಸಿ ನೋಡೋಣ, ಆಮೇಲೆ ಕಬ್ಬಿಣ. ಲೆಕ್ಕ ಸುಲಭ. ವಸ್ತುವಿನ ತೂಕವನ್ನು ಅದು ಎಷ್ಟು ದೂರ ಮುಂದಕ್ಕೆ ಬಂತೋ ಅದರಿಂದ ಗುಣಿಸಬೇಕು. ಬಂದದ್ದನ್ನು ಕಪ್ಲರಿನಿಂದ ಆಕ್ಸಲ್ಲಿಗೆ ಇರುವ ದೂರದಿಂದ ಭಾಗಿಸಬೇಕು. ನಮ್ಮದರಲ್ಲಿ ಆ ದೂರ 2.6 ಮೀಟರ್. ಒಲೆಯ ಕೆಳಗೆ ಇದ್ದ ಲಿಥಿಯಂ ಬ್ಯಾಟರಿ 12 ಕೆಜಿ. ಅದನ್ನು ಮೂಕಿಯ ಮೇಲಿನ ಪೆಟ್ಟಿಗೆಗೆ ತಂದರೆ 2.5 ಮೀಟರ್ ಮುಂದಕ್ಕೆ ಬರುತ್ತದೆ. ಅಂದರೆ ಹೆಚ್ಚುಕಮ್ಮಿ ಅದರ ಪೂರ್ತಿ ತೂಕವೇ ಮೂಕಿಗೆ ಸೇರಿದ ಹಾಗೆ. ಕಾಗದದ ಮೇಲೆ 45 ಅಥವಾ 46 ಬಂತು. ತಂದಿಟ್ಟು ನೋಡಿದರೆ ಯಂತ್ರವೂ 45 ಅಂದಿತು. ಲೆಕ್ಕ ಹೀಗೆ ಕಣ್ಣೆದುರು ನಿಜವಾಗುವುದನ್ನು ನೋಡಿದರೆ ಮಕ್ಕಳಿಗಿಂತ ದೊಡ್ಡವರಿಗೇ ಜಾಸ್ತಿ ಕುಣಿಯಬೇಕು ಅನ್ನಿಸುತ್ತದೆ.

ಬ್ಯಾಟರಿ ಸರಿಸಿದ್ದಕ್ಕೆ ಕೆಲಸ ಬೆಳೆಯಿತು. ಫ್ರಿಜ್ ಹಿಂದೆ, ಬ್ಯಾಟರಿ ಮುಂದೆ. ಹೋಗಿ ಬರುವ ವೈರ್ ಸೇರಿ ಆರು ಮೀಟರಿನ ದಾರಿ. 12 ವೋಲ್ಟಿನಲ್ಲಿ ದಾರಿ ಉದ್ದವಾದರೆ ನಷ್ಟ ಗೊತ್ತಾಗುತ್ತದೆ. ಫ್ರಿಜ್ 5 ಆಂಪಿಯರ್ ಎಳೆಯುವಾಗ 1 ಚದರ ಮಿಲಿಮೀಟರಿನ ತೆಳು ವೈರ್ ಹಾಕಿದರೆ ಅರ್ಧ ವೋಲ್ಟ್ ವೈರಿನಲ್ಲೇ ಹೋಗುತ್ತದೆ. 2.5ರ ವೈರ್ ಹಾಕಿದರೆ ಅದರ ಅರ್ಧಕ್ಕಿಂತ ಕಡಿಮೆ. ದಪ್ಪ ವೈರನ್ನೇ ಎಳೆದೆ. ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದೆ. ದೂರದಲ್ಲಿಟ್ಟರೆ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಚಳಿಯದೂ ಒಂದು ಯೋಚನೆ ಇದೆ. ಈ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಪೆಟ್ಟಿಗೆಯ ಒಳಗೆ ಸುತ್ತಲೂ ಉಳಿದ ಫೋಮ್ ಅಂಟಿಸಿದೆ. ಅದು ಪೂರ್ತಿ ಪರಿಹಾರವಲ್ಲ. ಅಷ್ಟು ಚಳಿಗೆ ಹೋದರೆ ಬ್ಯಾಟರಿಯನ್ನು ರಾತ್ರಿ ಒಳಗೇ ಇಟ್ಟುಕೊಳ್ಳಬೇಕು.

ಮುಂದಿನದು ಸ್ಟೆಪ್ನಿ. ಹಿಂಬಾಗಿಲ ಕೆಳಗೆ ನೇತುಹಾಕಿದ್ದ 13 ಕೆಜಿಯ ಚಕ್ರ. ನೋಡಲು ಅಲ್ಲೇ ಚೆಂದ. ಜೀಪಿನ ಹಾಗೆ ಕಾಣುತ್ತಿತ್ತು, ನನಗೆ ಅದರ ಮೇಲೆ ತುಂಬಾ ಆಸೆ. "ಚೆಂದಕ್ಕೆ ಹದಿಮೂರು ಕೆಜಿ ಹೊತ್ಕೊಂಡು ತಿರುಗೋದು ಬೇಡ" ಅಂತ ಮನೆಯವಳ ತೀರ್ಪು. ಮೂಕಿಯ ಮೇಲೆ ಪೆಟ್ಟಿಗೆಯ ಪಕ್ಕ ಒಂದು ಬ್ರಾಕೆಟ್ ಮಾಡಿ ಕೂರಿಸಿದೆ. ಮಗಳು ಮತ್ತೆ ಬೋರಲು ಮಲಗಿದಳು. 60. ಆಕ್ಸಲ್ ಮುಟ್ಟುವ ಅಗತ್ಯವೇ ಬರಲಿಲ್ಲ.

ನೀರಿನ ಟ್ಯಾಂಕನ್ನು ಮಾತ್ರ ಅಲುಗಿಸಲಿಲ್ಲ. ಅದು ಹಾಸಿಗೆಯ ಕೆಳಗೆ, ಆಕ್ಸಲ್ಲಿನ ನೇರಕ್ಕೇ ಇದೆ. 40 ಲೀಟರ್ ಅಂದರೆ 40 ಕೆಜಿ. ಅಲ್ಲಿದ್ದರೆ ತುಂಬಿದರೂ ಖಾಲಿಯಾದರೂ ಮೂಕಿಯ ಭಾರ ಹೆಚ್ಚು ಬದಲಾಗುವುದಿಲ್ಲ. ಭಾರವಾದದ್ದು ನಡುವೆ ಇದ್ದಷ್ಟೂ ಒಳ್ಳೆಯದು. ಎರಡು ತುದಿಗೂ ಸಮನಾಗಿ ಹೇರಿ ತೂಕ ಸರಿಮಾಡಿದರೂ ಗಾಡಿ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಹೀಗಂದಾಗ ಎರಡು ಕಬ್ಬಿಣದ ಬಾಣಲೆಗಳ ವಿಚಾರ ಬಂತು. ಒಂದು ಸಾಕು ಅಂತ ನಾನು. ಎರಡೂ ಬೇಕು ಅಂತ ಅವಳು. ಎರಡೂ ಹಾಸಿಗೆಯ ಕೆಳಗೆ, ಟ್ಯಾಂಕಿನ ಪಕ್ಕಕ್ಕೆ ಹೋದವು. ಮಗಳ ಪುಸ್ತಕದ ಚೀಲಕ್ಕೂ ಅಲ್ಲೇ ಜಾಗ.

ಸಂಜೆ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಮೊದಲು 40, ಆಮೇಲೆ 60, ಆಮೇಲೆ 80. ಸ್ಟೀರಿಂಗ್ ಸ್ವಲ್ಪ ಅಲುಗಿಸಿ ಬಿಟ್ಟಾಗಲೂ ಒಂದು ಸಲ ಓಲಾಡಿ ಸುಮ್ಮನಾಯಿತು. ನಡುವೆ ಒಂದು ಕಡೆ ನಿಲ್ಲಿಸಿ ಎರಡೂ ಚಕ್ರಗಳ ನಡುವಿನ ಗುಂಬದ (ಹಬ್) ಹತ್ತಿರ ಕೈ ಹಿಡಿದೆ. ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ಬೇರಿಂಗ್ ಸರಿ ಇದೆ ಅಂತ ಲೆಕ್ಕ. ಹೊಸದಾಗಿ ಹಾಕಿದ ಚಕ್ರದ ನಟ್ಟುಗಳು ಮೊದಲ ಓಟದಲ್ಲಿ ಸಡಿಲವಾಗುವುದುಂಟು. ಬಿಗಿದು ನೋಡಿದರೆ ಎಡಗಡೆಯ ಒಂದು ನಟ್ಟು ಕಾಲು ಸುತ್ತು ತಿರುಗಿತು.

ಇನ್ನು ಹಿಂಬಾಗಿಲ ರಬ್ಬರ್ ಪಟ್ಟಿ ಬಾಕಿ ಇದೆ. ಈ ಮಾದರಿಯಲ್ಲಿ ನೀರು ಸೋರಿದರೆ ಮೊದಲು ಸೋರುವುದು ಅಲ್ಲೇ. ಮುಂದಿನ ವಾರ ಮಗಳನ್ನು ಒಳಗೆ ಕೂರಿಸಿ, ಕೈಗೆ ಟಾರ್ಚ್ ಕೊಟ್ಟು, ಹೊರಗಿಂದ ಪೈಪಿನಲ್ಲಿ ನೀರು ಹೊಡೆಯಬೇಕು. ಅವಳು ಈಗಲೇ ಮಳೆ ಕೋಟು ಹುಡುಕುತ್ತಿದ್ದಾಳೆ.