ಎ2 ಶೇಡ್ ಹಾಕಿದರೂ ಫಿಲ್ಲಿಂಗ್ ಬೂದುಬೂದಾಗಿ ಕಾಣುವುದೇಕೆ?

ಮುಂದಿನ ಹಲ್ಲಿನ ಮುರಿದ ತುದಿಗೆ ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಪಟ್ಟಿ, ಎ2 ಅದರಲ್ಲೊಂದು ಬಣ್ಣ) ನೋಡಿಯೇ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತು) ತುಂಬಿರುತ್ತಾರೆ. ಆದರೂ ಕೆಲವೊಮ್ಮೆ ಅದು ಮಂಕಾಗಿ, ಬೂದುಬೂದಾಗಿ ಕಾಣುತ್ತದೆ. ಇಲ್ಲಿ ಸಾಮಾನ್ಯವಾಗಿ ಎಡವಟ್ಟಾಗುವುದು ಬಣ್ಣದಲ್ಲಲ್ಲ, ಅರೆಪಾರದರ್ಶಕತೆಯಲ್ಲಿ. ಹಲ್ಲಿನ ಹೊರಪದರದಂತೆ ಅರೆಪಾರದರ್ಶಕವಾದ ಎನಾಮೆಲ್ ಶೇಡ್ ಒಂದನ್ನೇ ಹಿಂದಿನಿಂದ ಮುಂದಿನವರೆಗೆ ತುಂಬಿದರೆ ಬೆಳಕು ಅದನ್ನು ದಾಟಿ ಬಾಯೊಳಗಿನ ಕತ್ತಲಿಗೆ ಹೋಗುತ್ತದೆ, ನೋಡುವವರ ಕಣ್ಣಿಗೆ ಮರಳುವುದು ಸ್ವಲ್ಪವೇ.

ಕಾಂಪೋಸಿಟ್‌ನಲ್ಲಿರುವ ಅಂಟಿನಂಥ ರೆಸಿನ್ ಮತ್ತು ಅದರೊಳಗೆ ಬೆರೆಸಿದ ಪುಡಿಯಾದ ಫಿಲ್ಲರ್‌ಗಳ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಹತ್ತಿರವಿದ್ದಷ್ಟೂ ಬೆಳಕು ಚದುರದೆ ಸಾಗುತ್ತದೆ. ಮುಖ್ಯ ರೆಸಿನ್ ಆದ ಬಿಸ್-ಜಿಎಂಎ ಸೂಚ್ಯಂಕ ಸುಮಾರು 1.55, ಅದನ್ನು ತೆಳುಮಾಡಲು ಬೆರೆಸುವ ಟೆಗ್‌ಡಿಎಂಎ ಸುಮಾರು 1.46. ಫಿಲ್ಲರ್ ಆದ ಬೇರಿಯಂ ಗಾಜು ಇವೆರಡರ ನಡುವೆ ಕೂರುವುದರಿಂದ ಮಿಶ್ರಣ ತಿಳಿಯಾಗಿರುತ್ತದೆ. ಟೈಟಾನಿಯಂ ಡೈಆಕ್ಸೈಡ್‌ನದು 2.5ರ ಆಸುಪಾಸು. ಹಾಗಾಗಿ ಹಲ್ಲಿನ ಒಳಪದರವನ್ನು ಹೋಲುವ ಡೆಂಟಿನ್ ಶೇಡನ್ನು ಅಪಾರದರ್ಶಕವಾಗಿಸಲು ಅದು ಚಿಟಿಕೆಯಷ್ಟಿದ್ದರೆ ಸಾಕು.

ಗಟ್ಟಿಯಾಗುವಾಗ ರೆಸಿನ್‌ನ ಸೂಚ್ಯಂಕ ಏರುತ್ತದೆ. ಜೊತೆಗೆ, 470 ನ್ಯಾನೊಮೀಟರ್ ಸುತ್ತಲಿನ ನೀಲಿ ಬೆಳಕನ್ನು ಹೀರಿ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ಕ್ಯಾಂಫರ್‌ಕ್ವಿನೋನ್ ತನ್ನ ಹಳದಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆದ್ದರಿಂದ ಹಸಿ ಪೇಸ್ಟ್ ಹಿಡಿದು ಬಣ್ಣ ಹೋಲಿಸುವುದು ವ್ಯರ್ಥ. ಎಚಿಂಗ್ (ಆಮ್ಲದಿಂದ ಒರಟಾಗಿಸುವುದು), ಬಾಂಡ್ (ಅಂಟು) ಯಾವುದೂ ಇಲ್ಲದೆ ಹಲ್ಲಿನ ಮೇಲೆ ಸ್ವಲ್ಪ ಕಾಂಪೋಸಿಟ್ ಅಂಟಿಸಿ, ನಿಜವಾಗಿ ಬೇಕಾಗುವಷ್ಟೇ ದಪ್ಪಕ್ಕೆ ಒತ್ತಿ, ಕ್ಯೂರ್ ಮಾಡಿ (ನೀಲಿ ಬೆಳಕಿನಿಂದ ಗಟ್ಟಿಯಾಗಿಸಿ), ಒದ್ದೆ ಮಾಡಿ ನೋಡಿ. ಆಮೇಲೆ ಕಿತ್ತರೆ ಸುಲಭವಾಗಿ ಬರುತ್ತದೆ. ಇದನ್ನು ರಬ್ಬರ್ ಡ್ಯಾಮ್ (ಹಲ್ಲನ್ನು ಒಣಗಿಡುವ ರಬ್ಬರ್ ಹಾಳೆ) ಹಾಕುವ ಮೊದಲೇ ಮುಗಿಸಬೇಕು. ಹಲ್ಲು ಒಣಗಿದರೆ ಎನಾಮೆಲ್‌ನೊಳಗೆ ನೀರಿದ್ದ (ಸೂಚ್ಯಂಕ 1.33) ಜಾಗಕ್ಕೆ ಗಾಳಿ (1.0) ಬಂದು ಬೆಳಕು ಹೆಚ್ಚು ಚದುರುತ್ತದೆ, ಹಲ್ಲು ಸುಳ್ಳೇ ಬೆಳ್ಳಗಾಗುತ್ತದೆ. ಕುರ್ಚಿಯ ಮೇಲಿನ ದೀಪ ಆರಿಸಿ, ಹಗಲು ಬೆಳಕಿನಲ್ಲೂ ಒಮ್ಮೆ ನೋಡಿ.

ತುಂಬುವಾಗ ಹಿಂಬದಿಗೆ ತೆಳು ಎನಾಮೆಲ್ ಪದರ, ಅದರ ಮೇಲೆ ಡೆಂಟಿನ್ ಶೇಡ್. ಈ ಡೆಂಟಿನ್ ಪದರ ಮುರಿದ ಗೆರೆಯನ್ನು ದಾಟಿ ಬೆವೆಲ್ (ಇಳಿಜಾರಾಗಿ ಉಜ್ಜಿದ ಅಂಚು) ಮೇಲೂ ಸ್ವಲ್ಪ ಹರಡಿರಬೇಕು. ಇಲ್ಲದಿದ್ದರೆ ಗೆರೆ ಹಣಿಕಿ ನೋಡುತ್ತದೆ. ಹೊರಗಿನ ಎನಾಮೆಲ್ ಪದರ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿರಲಿ. ಇಲ್ಲಿ ಕೈ ಉದಾರವಾದರೆ ಮತ್ತೆ ಅದೇ ಬೂದು. ಅಪಾರದರ್ಶಕ ಶೇಡ್‌ನಲ್ಲಿ ಕ್ಯೂರಿಂಗ್ ಬೆಳಕೂ ಆಳಕ್ಕೆ ಇಳಿಯದು, ಹಾಗಾಗಿ ವಾಡಿಕೆಯ 2 ಮಿಲಿಮೀಟರ್‌ಗಿಂತ ತೆಳುವಾಗಿ ಹಾಕುವುದು ಕ್ಷೇಮ.

ಬಲ್ಕ್‌ಫಿಲ್ (ಒಮ್ಮೆಗೇ ದಪ್ಪವಾಗಿ ತುಂಬುವ ಕಾಂಪೋಸಿಟ್) 4 ಮಿಲಿಮೀಟರ್‌ವರೆಗೆ ಗಟ್ಟಿಯಾಗುವುದಕ್ಕೆ ಅದರ ಹೆಚ್ಚಿನ ಅರೆಪಾರದರ್ಶಕತೆಯೂ ಒಂದು ಕಾರಣ. ದವಡೆ ಹಲ್ಲಿಗೆ ಸರಿ, ಮುಂದಿನ ಹಲ್ಲಿಗೆ ಬೇಡ.

ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಶೇಡ್ ಬದಲಿಸಿ ಪ್ರಯೋಜನವಿಲ್ಲ. ಅದು ಕುಗ್ಗುವಿಕೆಯಿಂದಲೋ ಒರಟು ಫಿನಿಶಿಂಗ್‌ನಿಂದಲೋ ಬಿದ್ದ ಸೂಕ್ಷ್ಮ ಬಿರುಕು. ಅದರೊಳಗಿನ ಗಾಳಿ ಬೆಳಕನ್ನು ಚದುರಿಸುತ್ತಿರುತ್ತದೆ.