ಸವೆದ ಶಾಫ್ಟಿಗೊಂದು ಡ್ರಾಯಿಂಗ್

ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ (ಯಂತ್ರಭಾಗಗಳ ನಕ್ಷೆ ಬರೆಯುವ ಕಸುಬು) ಮುಗಿಸಿ ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದಾಗ, ಗಿರಾಕಿಯೊಬ್ಬರು ಹಳೆಯ ಪಂಪಿನ ಸವೆದ ಶಾಫ್ಟನ್ನು ಬೇರಿಂಗುಗಳ ಸಮೇತ ತಂದು, ಇಂಥದ್ದೇ ಹೊಸದು ಬೇಕೆಂದರು. ಅದಕ್ಕೆ ಡ್ರಾಯಿಂಗ್ ಇರಲಿಲ್ಲ. ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಅದನ್ನು ನನ್ನ ಬೋರ್ಡಿನ ಪಕ್ಕದಲ್ಲಿಟ್ಟು, "ಸಂಜೆಯೊಳಗೆ ಶೀಟು ಟರ್ನರ್ ಕೈಗೆ ಹೋಗಬೇಕಪ್ಪ" ಎಂದರು. ಟರ್ನರ್ ಎಂದರೆ ಲೇತಿನಲ್ಲಿ ಶಾಫ್ಟ್ ಕಡೆಯುವವರು.

ಶಾಫ್ಟ್ ದುಂಡಗಿರುವುದರಿಂದ ಒಂದೇ ನೋಟ ಸಾಕು. ಕೀವೇ (ಪುಲ್ಲಿಯನ್ನು ಶಾಫ್ಟಿಗೆ ಹಿಡಿಯುವ ಕೀ ಎಂಬ ತುಂಡು ಕೂರುವ ತೋಡು) ಇರುವಲ್ಲಿ ಮಾತ್ರ ಒಂದು ಸೆಕ್ಷನ್, ಅಂದರೆ ಅಡ್ಡ ಕತ್ತರಿಸಿದ ನೋಟ ಬೇಕು. ಮಿನಿ ಡ್ರಾಫ್ಟರ್ ಹಿಡಿದು ಗೆರೆ ಎಳೆಯುವ ಕೆಲಸ ಬೇಗ ಮುಗಿಯಿತು. ಉಳಿದ ಹೊತ್ತೆಲ್ಲ ಅಳತೆ ಬರೆಯುವುದಕ್ಕೇ ಹೋಯಿತು.

ಬೇರಿಂಗ್ ಕೂರುವ ಜಾಗಕ್ಕೆ ಮೈಕ್ರೋಮೀಟರ್ ಹಿಡಿದಾಗ 24.96 ಮಿ.ಮೀ. ತೋರಿಸಿತು. ಅದನ್ನೇ ಬರೆದರೆ ಹಳೆಯ ಸವೆತವನ್ನು ಹೊಸ ಶಾಫ್ಟಿಗೂ ದಾಟಿಸಿದಂತಾಗುತ್ತದೆ. ಹಿರಿಯರು ಬೇರಿಂಗಿನ ಗ್ರೀಸ್ ಒರೆಸಿ, ಅದರ ಮೇಲಿದ್ದ 6205 ಎಂಬ ಸಂಖ್ಯೆಯನ್ನು ತೋರಿಸಿದರು. ಆ ಬೇರಿಂಗಿನ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಒಳರಿಂಗು ಶಾಫ್ಟಿನ ಮೇಲೆ ಜಾರದೆ ಬಿಗಿಯಾಗಿ ಕೂರಬೇಕಾದ್ದರಿಂದ, ಅಲ್ಲಿ 25 ಕೆ6 ಎಂದು ಬರೆದೆವು. ಅಂದರೆ ವ್ಯಾಸವು 25.002ರಿಂದ 25.015 ಮಿ.ಮೀ. ಒಳಗಿರಬೇಕು. ಕೈಯಲ್ಲಿರುವ ತುಂಡು ಇವತ್ತು ಹೇಗಿದೆ ಎಂಬುದಲ್ಲ, ಹೊಸದಾಗಿದ್ದಾಗ ಹೇಗಿರಬೇಕಿತ್ತು ಎಂಬುದೇ ಡ್ರಾಯಿಂಗಿನಲ್ಲಿ ಬರಬೇಕೆಂದು ನನಗೆ ನಿಜವಾಗಿ ತಿಳಿದದ್ದು ಆಗಲೇ.

ಉದ್ದದ ಅಳತೆಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತ ಹೋಗಲು ಅವರು ಬಿಡಲಿಲ್ಲ. ಶಾಫ್ಟಿನ ವ್ಯಾಸ ಬದಲಾಗುವ ಐದು ಮೆಟ್ಟಿಲಿಗೂ ತಲಾ ±0.1 ಕೊಟ್ಟರೆ ಕೊನೆಯ ಮುಖದ ಹೊತ್ತಿಗೆ ವ್ಯತ್ಯಾಸ ±0.5ರವರೆಗೆ ಬೆಳೆಯಬಹುದು. ಪಂಪಿನ ಹೌಸಿಂಗಿಗೆ ಮುಖ್ಯವಾದದ್ದು ಎರಡು ಬೇರಿಂಗುಗಳು ಒರಗಿ ನಿಲ್ಲುವ ಭುಜಗಳ ನಡುವಿನ ಅಂತರ. ಅದನ್ನು ನೇರವಾಗಿ ಬರೆದು, ಉಳಿದವನ್ನು ಒಂದೇ ತುದಿಯಿಂದ ಕೊಟ್ಟು, ಯಾರಿಗೂ ಬೇಡದ ಒಂದು ಉದ್ದವನ್ನು ಬರೆಯದೆ ಬಿಟ್ಟೆವು.

ಕೀವೇ ವಿಷಯದಲ್ಲಿ ಅವರು ತೋರಿದ ಕಾಳಜಿ ನನಗೆ ಈಗಲೂ ಮೆಚ್ಚುಗೆಯದು. ಪುಲ್ಲಿ ಕೂರುವ ತುದಿಯ ವ್ಯಾಸ 24. ಅದಕ್ಕೆ 8 ಮಿ.ಮೀ. ಅಗಲದ ಕೀ, ಶಾಫ್ಟಿನಲ್ಲಿ 4 ಮಿ.ಮೀ. ಆಳ. ಆದರೆ ಆಳ 4 ಎಂದು ಬರೆದರೆ ಕೆಲಸಗಾರ ಅಳೆಯುವುದು ಎಲ್ಲಿಂದ? ಕೀವೇ ಕೊರೆದ ಮೇಲೆ ಆ ಜಾಗದ ಮೇಲ್ಮೈಯೇ ಉಳಿದಿರುವುದಿಲ್ಲ. ಆದ್ದರಿಂದ ಕೀವೇ ತಳದಿಂದ ಎದುರು ಬದಿಯವರೆಗೆ 20 ಎಂದು ಕೊಡಬೇಕು. ಪಠ್ಯದಲ್ಲಿ ಈ ಪದ್ಧತಿಯನ್ನು ಓದಿದ್ದೆ. ಅದರ ಕಾರಣವನ್ನು ಕೇಳಿದ್ದು ಅಂದೇ.

ಶೀಟು ಒಯ್ದಾಗ ಟರ್ನರ್ ಅಣ್ಣ ಅದನ್ನು ಬಹಳ ಹೊತ್ತು ಓದಿದರು. ಭುಜದ ಮೂಲೆಯಲ್ಲಿದ್ದ 0.6 ಮಿ.ಮೀ. ರೇಡಿಯಸ್ಸಿನ ಮೇಲೆ ಬೆರಳಿಟ್ಟು, "ಬೇರಿಂಗಿನ ಮೂಲೆಯ ರೇಡಿಯಸ್ 1 ಅಲ್ವಾ? ಇದು ಅದಕ್ಕಿಂತ ಚಿಕ್ಕದು, ಹಾಗಾದ್ರೆ ಸರಿಯಾಗಿ ಕೂರುತ್ತೆ" ಎಂದು, ಟೂಲನ್ನು ಅದೇ ರೇಡಿಯಸ್ಸಿಗೆ ಮಸೆಯಲು ಗ್ರೈಂಡರ್ ಕಡೆಗೆ ಹೋದರು.